ದೋಣಿಯಲ್ಲಿ ಕುಡಿಯುವ ನೀರು: ವಾಸ್ಕೋ ಡ ಗಾಮಾನ ಬದುಕು ಕಲಿಸುವ ಪಾಠ

ದೋಣಿಯಲ್ಲಿ ಹೊರಟವರು ಕುಡಿಯುವ ನೀರನ್ನು ದಡದಿಂದಲೇ ತುಂಬಿಕೊಳ್ಳಬೇಕು. ಆ ನೀರನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ? ಕೊಚ್ಚಿಯಲ್ಲಿ ಕೊನೆಯುಸಿರೆಳೆದ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮಾನಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು.

ನೀರಿಗಾಗಿ ಕಾದಾಟ

ಗಾಮಾ ಹುಟ್ಟಿದ್ದು ಪೋರ್ಚುಗಲ್‌ನ ಸೀನೆಸ್ ಎಂಬ ಕಡಲತೀರದ ಊರಿನಲ್ಲಿ. 1497ರ ಜುಲೈನಲ್ಲಿ ನಾಲ್ಕು ಹಡಗುಗಳೊಂದಿಗೆ ಲಿಸ್ಬನ್‌ನಿಂದ ಹೊರಟ. ಆಗ ಹಡಗಿನ ನೀರನ್ನು ಮರದ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ವಾರಗಳು ಕಳೆದಂತೆ ಅದು ಕೆಟ್ಟು ನಾರುತ್ತಿತ್ತು. ಹಾಗಾಗಿ ದಾರಿಯುದ್ದಕ್ಕೂ ಸಿಹಿನೀರು ಸಿಗುವ ದಡ ಹುಡುಕಬೇಕಿತ್ತು. ಮೊಜಾಂಬಿಕ್‌ನಲ್ಲಿ ನೀರಿಗಾಗಿ ಕಾದಾಟವೇ ನಡೆಯಿತು. ಗಾಮಾ ಫಿರಂಗಿ ಹಾರಿಸಿ ನೀರು ತುಂಬಿಸಿಕೊಂಡ. 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದ.

ನೀರಿದ್ದರೂ ಬಂದ ಕಾಯಿಲೆ

ಮರಳುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡ. ಅಲ್ಲಿಂದ ಆಫ್ರಿಕಾ ತೀರ ಸೇರಲು ಸುಮಾರು ಮೂರು ತಿಂಗಳು ಹಿಡಿಯಿತು. ಈ ನಡುವೆ ನಾವಿಕರ ಒಸಡು ಊದಿಕೊಂಡು ಹಲ್ಲನ್ನೇ ಮುಚ್ಚಿತು. ಊಟ ಮಾಡಲಾಗದ ಸ್ಥಿತಿ ಬಂತು. ಸುಮಾರು 30 ಮಂದಿ ಸತ್ತರು. ನಡೆಸಲು ಜನ ಸಾಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು.

ಇದು ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆ. ನೀರು ಎಷ್ಟೇ ಶುದ್ಧವಾಗಿದ್ದರೂ ಇದನ್ನು ತಡೆಯಲಾಗದು. ಕಿತ್ತಳೆ, ನಿಂಬೆ ಇದಕ್ಕೆ ಮದ್ದು ಎಂದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಪ್ರಯೋಗದಿಂದ ತೋರಿಸಿದ್ದು 1747ರಲ್ಲಿ.

ಕೊಚ್ಚಿಯಲ್ಲಿ ಕೊನೆ

1502ರಲ್ಲಿ ಗಾಮಾ ಮತ್ತೆ ಬಂದ. ಆ ಬಾರಿ ಹಜ್ ಯಾತ್ರಿಕರಿದ್ದ ಹಡಗನ್ನು ಸುಟ್ಟ ಕ್ರೌರ್ಯವೂ ಅವನ ಚರಿತ್ರೆಯಲ್ಲಿದೆ. 1524ರಲ್ಲಿ ವೈಸ್‌ರಾಯ್ ಆಗಿ ಬಂದವನು ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದು, ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ. ಅದು ಮಲೇರಿಯಾ ಎಂದು ಹಲವು ಚರಿತ್ರಕಾರರ ಅಭಿಪ್ರಾಯ. ಮಲೇರಿಯಾ ಹರಡುವುದು ಸೊಳ್ಳೆಯಿಂದ, ಕುಡಿಯುವ ನೀರಿನಿಂದಲ್ಲ. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಅವನನ್ನು ಹೂಳಿದರು. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು.

ಇಂದು ನೀವು ಮಾಡಬೇಕಾದ್ದು

ಪ್ರತಿ ಕಾಯಿಲೆಗೂ ಕಾರಣ ಬೇರೆ. ಹಾಗೆಯೇ ಪ್ರತಿ ಫಿಲ್ಟರಿನ ಕೆಲಸವೂ ಬೇರೆ. ಕೊಚ್ಚಿಯಿಂದ ತಿರುವನಂತಪುರದವರೆಗಿನ ಹಿನ್ನೀರಿನಲ್ಲಿ ದೋಣಿಮನೆಯಲ್ಲೋ ಕ್ಯಾಂಪರ್ ವ್ಯಾನಿನಲ್ಲೋ ತಂಗುವವರು ಇದನ್ನು ನೆನಪಿಡಿ:

• ಹಿನ್ನೀರನ್ನು ಎತ್ತಿ ಕುಡಿಯಬೇಡಿ. ಬೇಸಿಗೆಯಲ್ಲಿ ಅದರಲ್ಲಿ ಉಪ್ಪು ಹೆಚ್ಚುತ್ತದೆ. ಕುದಿಸಿದರೂ ಉಪ್ಪು ಹೋಗದು. ಮನೆಬಳಕೆಯ ಆರ್‌ಒ ಯಂತ್ರ ಕಡಲ ನೀರಿಗೆ ಸಾಲದು.
• ದಡದಲ್ಲಿ ನಂಬಿಕೆಯ ನಲ್ಲಿಯಿಂದ ತುಂಬಿಸಿ. ಟ್ಯಾಂಕನ್ನು ಆಗಾಗ ಕ್ಲೋರಿನ್ ಹಾಕಿ ತೊಳೆಯಿರಿ.
• ಮೊದಲು ಕೆಸರು ತಡೆಯುವ ಫಿಲ್ಟರ್, ನಂತರ ಕಾರ್ಬನ್ ಫಿಲ್ಟರ್ ಇರಲಿ. ಕಾರ್ಬನ್ ವಾಸನೆ ತೆಗೆಯುತ್ತದೆ; ರೋಗಾಣುಗಳಿಗೆ ಅದನ್ನೊಂದನ್ನೇ ನಂಬಬೇಡಿ.
• ರೋಗಾಣುಗಳಿಗೆ ಯುವಿ ಅಥವಾ ಯುಎಫ್ ಬೇಕು. ಯುವಿಗೆ ತಿಳಿ ನೀರು, ವಿದ್ಯುತ್ ಎರಡೂ ಬೇಕು. ಬ್ಯಾಟರಿ ಕೈಕೊಟ್ಟರೆ ನೀರನ್ನು ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಸಿ.
• ಕಾರ್ಟ್ರಿಜ್‌ಗಳನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಿ.

ರೋಗಿಗಳಿದ್ದರೆ

ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು, ಹಸುಳೆಗಳು ಜೊತೆಗಿದ್ದರೆ ಫಿಲ್ಟರಾದ ನೀರನ್ನೂ ಕುದಿಸಿ ಆರಿಸಿ ಕೊಡಿ. ಮಾತ್ರೆ ನುಂಗಲು, ಹಲ್ಲುಜ್ಜಲು, ಹಣ್ಣು ತೊಳೆಯಲು ಅದೇ ನೀರು ಬಳಸಿ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಒಆರ್‌ಎಸ್ ಪೊಟ್ಟಣ ಜೊತೆಗಿರಲಿ. ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ದೋಣಿಯನ್ನು ದಡಕ್ಕೆ ತಿರುಗಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.