ಬಳಸಿದ ನೀರು ಎಲ್ಲಿಗೆ ಹೋಗುತ್ತೆ? ಲೆಸ್ಟರ್ ಪೆಲ್ಟನ್ ಕಥೆ

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಮೂಲೆಯಲ್ಲಿ ಪಾರದರ್ಶಕ ಕಿಟಕಿ ಇರುವ ಒಂದು ಕಬ್ಬಿಣದ ಡಬ್ಬ ನಮಗೆಲ್ಲ ಗೊತ್ತು. ಒಳಗೆ ಜೋಡಿ ಬಟ್ಟಲುಗಳನ್ನು ಸುತ್ತ ಕಟ್ಟಿಕೊಂಡ ಚಕ್ರ, ಅದಕ್ಕೆ ಬಂದು ಬಡಿಯೋ ನೀರು, ಹೊರಗೆ ಬ್ರೇಕ್ ಡ್ರಮ್ಮು, ಸ್ಪ್ರಿಂಗ್ ಬ್ಯಾಲೆನ್ಸು. ರೀಡಿಂಗ್ ತಗೊಂಡು, ಗ್ರಾಫ್ ಹಾಕಿ, ರೆಕಾರ್ಡಿಗೆ ಸಹಿ ಮಾಡಿಸಿಕೊಂಡರೆ ಪೆಲ್ಟನ್ ವ್ಹೀಲ್ ಸಹವಾಸ ಮುಗೀತು. ಪೆಲ್ಟನ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಹೊಳೆದಿರೋಲ್ಲ. ಅವನು ಚಿನ್ನದ ಗಣಿಗಳ ಊರಿನಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದವನು. ಚಾಂಪಿಯನ್ ರೀಫ್ಸ್ ಸುತ್ತಮುತ್ತ ಓಡಾಡುವ ನಾವು ಅವನನ್ನು ಇಷ್ಟು ದಿನ ವಿಚಾರಿಸದೇ ಇದ್ದದ್ದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಲೆಸ್ಟರ್ ಆಲನ್ ಪೆಲ್ಟನ್ ಹುಟ್ಟಿದ್ದು 1829ರ ಸೆಪ್ಟೆಂಬರ್ 5ರಂದು, ಅಮೆರಿಕದ ಓಹಾಯೋ ರಾಜ್ಯದ ವರ್ಮಿಲಿಯನ್ ಎಂಬ ಊರಿನಲ್ಲಿ. ಅವನಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಅನ್ನೋ ಸುದ್ದಿ ದೇಶವನ್ನೆಲ್ಲ ಹುಚ್ಚು ಹಿಡಿಸಿತ್ತು. 1850ರಲ್ಲಿ ಊರಿನ ಹುಡುಗರ ಜೊತೆ ಇವನೂ ಹೊರಟ. ಹೋದವರಲ್ಲಿ ಚಿನ್ನ ಸಿಕ್ಕಿದ್ದು ಕೆಲವರಿಗೆ, ಉಳಿದವರಿಗೆ ಸಿಕ್ಕಿದ್ದು ಕೂಲಿ. ಪೆಲ್ಟನ್ ಎರಡನೇ ಗುಂಪಿನವನು. ಸ್ವಲ್ಪ ಕಾಲ ಮೀನು ಹಿಡಿದ, ಆಮೇಲೆ ಗಣಿಗಳ ಕಡೆ ಸರಿದು ಕ್ಯಾಂಪ್ಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ನೆಲೆ ನಿಂತ. ಬಡಗಿ ಕೆಲಸ, ಗಿರಣಿ ಕಟ್ಟೋ ಕೆಲಸ, ಅದಿರು ಕುಟ್ಟೋ ಯಂತ್ರ ರಿಪೇರಿ, ಹೀಗೆ ಕೈಗೆ ಬಂದದ್ದೆಲ್ಲ ಮಾಡಿದ. ಡಿಗ್ರಿ ಇರಲಿಲ್ಲ, ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಸುಮಾರು ಐವತ್ತು ವರ್ಷ ವಯಸ್ಸಾಗುವವರೆಗೆ ಅವನ ಹೆಸರು ಆ ಬೆಟ್ಟಗಳ ಆಚೆ ಯಾರಿಗೂ ಗೊತ್ತಿರಲಿಲ್ಲ.

ಅವನ ಸುತ್ತ ಏನು ನಡೀತಿತ್ತು ಅಂತ ಗೊತ್ತಾದರೆ ಮುಂದಿನದು ತಿಳಿಯುತ್ತೆ. ನಮ್ಮ ಕೋಲಾರದ ಚಿನ್ನ ಗಟ್ಟಿ ಬಂಡೆಯೊಳಗಿತ್ತು, ಅದಕ್ಕೇ ನೆಲದೊಳಕ್ಕೆ ಇಳಿಯಬೇಕಾಯ್ತು; ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯ್ತು. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಚಿನ್ನದ ಒಂದು ಪಾಲು ಗುಡ್ಡಗಳ ಜಲ್ಲಿಮಣ್ಣಿನಲ್ಲಿತ್ತು. ಅದನ್ನು ಅಗೆಯುವ ಬದಲು 1853ರಲ್ಲಿ ಎಡ್ವರ್ಡ್ ಮ್ಯಾಟಿಸನ್ ಎಂಬಾತ ನೀರು ಹೊಡೆದು ಕರಗಿಸೋ ದಾರಿ ತೋರಿಸಿದ. ಬೆಟ್ಟದ ಮೇಲಿನಿಂದ ಕಾಲುವೆಯಲ್ಲಿ ನೀರು ತಂದು, ಕಬ್ಬಿಣದ ಪೈಪಿನಲ್ಲಿ ಕೆಳಗಿಳಿಸಿ, ಫಿರಂಗಿಯಂಥ ನಾಜಲ್ಲಿನಿಂದ ಗುಡ್ಡಕ್ಕೆ ಹೊಡೆಯೋದು. ಆ ನಾಜಲ್ಲಿಗೆ ಮಾನಿಟರ್ ಅಂತ ಹೆಸರು. ಪಂಪ್ ಇಲ್ಲ, ಮೋಟಾರಿಲ್ಲ, ಬರೀ ಎತ್ತರ. ನೂರು ಮೀಟರ್ ಎತ್ತರದ ನೀರು ನಾಜಲ್ಲಿನಲ್ಲಿ ಸೆಕೆಂಡಿಗೆ ಸುಮಾರು 44 ಮೀಟರ್ ವೇಗದಲ್ಲಿ ಹೊರಗೆ ಬರುತ್ತೆ. ಗುಡ್ಡಕ್ಕೆ ಗುಡ್ಡವೇ ಕೆಸರಾಗಿ ಇಳಿದುಬಿಡೋದು.

ಇನ್ನೊಂದು ಕಡೆ, ಗಟ್ಟಿ ಬಂಡೆಯ ಗಣಿಗಳಲ್ಲಿ ಅದಿರು ಕುಟ್ಟಲು ಸ್ಟೀಮ್ ಇಂಜಿನ್ ಓಡಿಸ್ತಿದ್ದರು. ಅದಕ್ಕೆ ಸೌದೆ ಬೇಕು. ಸುತ್ತಲಿನ ಕಾಡು ಬೋಳಾಗ್ತಾ ಬಂತು, ಸೌದೆಯ ಬೆಲೆ ಏರ್ತಾ ಹೋಯ್ತು. ಕೈಗೆಟುಕೋ ದೂರದಲ್ಲೇ ಇಷ್ಟು ಜೋರಿನ ನೀರು ಇರುವಾಗ ಅದರಿಂದಲೇ ಚಕ್ರ ತಿರುಗಿಸಬಾರದೇ ಅಂತ ಎಲ್ಲರಿಗೂ ಅನ್ನಿಸಿತ್ತು, ಪ್ರಯತ್ನವೂ ನಡೆದಿತ್ತು. ಆಗ ಬಳಕೆಯಲ್ಲಿದ್ದ ಚಕ್ರಕ್ಕೆ ಚಪ್ಪಟೆ ಹಲಗೆಗಳಿದ್ದವು. ನೀರು ಹಲಗೆಗೆ ಬಡಿದು ಸುತ್ತ ಸಿಡಿದು ಹೋಗ್ತಿತ್ತು. ಅರ್ಧಕ್ಕಿಂತ ಹೆಚ್ಚು ಶಕ್ತಿ ಆ ಸಿಡಿತದಲ್ಲೇ ಹಾಳು. ಹಲಗೆಯ ಬದಲು ಬಟ್ಟಲು ಕಟ್ಟಿದವರೂ ಇದ್ದರು. ಆದರೆ ಬಟ್ಟಲಿನ ನಡುವಿಗೆ ಹೊಡೆದ ನೀರು ತಿರುಗಿ ಬಂದು, ಹಿಂದೆ ಬರುತ್ತಿರುವ ಜೆಟ್ಟಿಗೇ ಅಡ್ಡ ನಿಲ್ತಿತ್ತು. ಹೊಸ ನೀರಿನ ಕೆಲಸವನ್ನು ಹಳೆ ನೀರು ಕೆಡಿಸೋದು.

ಪೆಲ್ಟನ್ ತಲೆ ಕೆಡಿಸಿಕೊಂಡದ್ದು ಈ ಹಳೆ ನೀರಿನ ಬಗ್ಗೆ. ಬಾಕಿಯವರೆಲ್ಲ ನೀರು ಹೇಗೆ ಬಡಿಯಬೇಕು ಅಂತ ಯೋಚಿಸ್ತಿದ್ದಾಗ ಇವನು ಬಡಿದ ಮೇಲೆ ಅದು ಎಲ್ಲಿಗೆ ಹೋಗಬೇಕು ಅಂತ ಯೋಚಿಸಿದ. ಇದು ಹೇಗೆ ಹೊಳೀತು ಅನ್ನೋದಕ್ಕೆ ಎರಡು ಕಥೆಗಳಿವೆ. ಒಂದು, ದಾರಿಗೆ ಅಡ್ಡ ಬಂದ ಹಸುವನ್ನು ಓಡಿಸಲು ನೀರು ಹೊಡೆದಾಗ ಅದರ ಮೂಗಿನ ಮೇಲೆ ನೀರು ಎರಡಾಗಿ ಸೀಳಿ ಪಕ್ಕಕ್ಕೆ ಹರಿದದ್ದನ್ನು ಕಂಡ ಅಂತ. ಇನ್ನೊಂದು, ಶಾಫ್ಟಿನ ಮೇಲೆ ಸಡಿಲವಾಗಿ ಸ್ವಲ್ಪ ಪಕ್ಕಕ್ಕೆ ಜರುಗಿದ ಚಕ್ರದಲ್ಲಿ ಜೆಟ್ ಬಟ್ಟಲಿನ ನಡುವಿಗೆ ಬೀಳದೆ ಅಂಚಿಗೆ ಬಿತ್ತು, ನಿಧಾನವಾಗಬೇಕಿದ್ದ ಚಕ್ರ ಜೋರಾಗಿ ಓಡಿತು ಅಂತ. ಹಸುವಿನ ಕಥೆ ಹೇಳೋಕೆ ಚೆನ್ನಾಗಿದೆ. ರಿಪೇರಿ ಮಾಡಿ ಕೈ ಪಳಗಿದವನಿಗೆ ಎರಡನೆಯದೇ ಹೊಂದುತ್ತೆ ಅನ್ನೋದು ನಮ್ಮ ಅಂದಾಜು. ಏನೇ ಇರಲಿ, ಅವನು ಹತ್ತಾರು ಆಕಾರದ ಬಟ್ಟಲುಗಳನ್ನು ಮಾಡಿ ಒಂದೊಂದನ್ನೂ ಪರೀಕ್ಷಿಸಿದ. ಕೊನೆಗೆ ನಿಂತದ್ದು ನಮ್ಮ ಲ್ಯಾಬಿನಲ್ಲಿರೋ ಆಕಾರ: ಎರಡು ಬಟ್ಟಲು ಅಂಟಿಕೊಂಡು ನಡುವೆ ಒಂದು ಚೂಪಾದ ಏಣು. ಜೆಟ್ ಏಣಿನ ಮೇಲೆ ಬಿದ್ದು ಎರಡಾಗಿ ಸೀಳುತ್ತೆ, ಬಟ್ಟಲಿನ ಬಾಗಿಗೆ ಅಂಟಿಕೊಂಡು ಜಾರಿ, ಹೆಚ್ಚು ಕಡಿಮೆ ಪೂರ್ತಿ ಹಿಂದಕ್ಕೆ ತಿರುಗಿ, ಬಂದ ಜೆಟ್ಟಿಗೆ ತಗಲದಂತೆ ಪಕ್ಕದಿಂದ ಹೊರಗೆ ಬೀಳುತ್ತೆ. ಬಟ್ಟಲು ಜೆಟ್ಟಿನ ಅರ್ಧ ವೇಗದಲ್ಲಿ ಓಡ್ತಿದ್ದರೆ ಆ ನೀರಿನಲ್ಲಿ ವೇಗವೇ ಉಳಿದಿರೋಲ್ಲ; ಸುಸ್ತಾಗಿ ತೊಪ್ಪನೆ ಬೀಳುತ್ತೆ. ಪರೀಕ್ಷೆಯಲ್ಲಿ ನಾವು ಬರೆಯೋ ಆ ಅರ್ಧ ವೇಗದ ಡೆರಿವೇಶನ್ ಇಷ್ಟೇ.

ಇಲ್ಲಿ ಸ್ವಲ್ಪ ದಾರಿ ಬಿಡ್ತೀವಿ. ಇಂಟರ್ನ್‌ಶಿಪ್‌ಗೆ ಅಂತ ಉಕ್ಕಿನ ಕಾರ್ಖಾನೆಗೋ ಕೆಮಿಕಲ್ ಪ್ಲಾಂಟಿಗೋ ಹೋಗುವವರು ಇದೇ ಜೆಟ್ಟನ್ನು ಬೇರೆ ವೇಷದಲ್ಲಿ ನೋಡಬಹುದು. ಕೋಕ್ ಓವನ್ ತಗೊಳ್ಳಿ. ಗಾಳಿ ತಾಗದಂತೆ ಕಲ್ಲಿದ್ದಲನ್ನು ಸಾವಿರ ಡಿಗ್ರಿಗೂ ಹೆಚ್ಚು ಕಾಯಿಸಿದಾಗ ಗ್ಯಾಸ್ ಹುಟ್ಟಿ ಮೇಲಿನ ಪೈಪಿನಿಂದ ಹೊರಗೆ ಹೋಗುತ್ತೆ. ಗ್ಯಾಸ್ ಜೊತೆ ಟಾರೂ ಮಸಿಯೂ ಹೋಗಿ ಪೈಪಿನ ಒಳಗೋಡೆಗೆ ಕೂರುತ್ತೆ. ದಿನ ಕಳೆದಂತೆ ಕಲ್ಲಾಗುತ್ತೆ. ಪೈಪು ಕಿರಿದಾದಷ್ಟೂ ಒಲೆಯೊಳಗೆ ಒತ್ತಡ ಏರಿ ಬಾಗಿಲ ಸಂದಿಯಿಂದ ವಿಷದ ಹೊಗೆ ಹೊರಗೆ ನುಗ್ಗುತ್ತೆ. ಕಾರ್ಮಿಕರು ಕಾದ ಒಲೆಯ ಮೇಲೆ ನಿಂತು ಉದ್ದದ ಕಬ್ಬಿಣದ ಸಲಾಕೆಯಿಂದ ಅದನ್ನು ಕೆರೆಯೋದು ಹಳೆ ಪದ್ಧತಿ. ಈಗ ಎಷ್ಟೋ ಕಡೆ ಆ ಕೆಲಸಕ್ಕೆ ಪಂಪಿನ ನೀರು ಬಂದಿದೆ. ಪಂಪು ಸಾವಿರ ಬಾರ್ ಒತ್ತಡ ಕೊಟ್ಟರೆ ಸೂಜಿಯಂಥ ನಾಜಲ್ಲಿನಲ್ಲಿ ನೀರಿನ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 447 ಮೀಟರ್, ಅಂದ್ರೆ ಗಾಳಿಯಲ್ಲಿ ಶಬ್ದ ಹೋಗೋದಕ್ಕಿಂತ ಜೋರು. ಹತ್ತು ಕಿಲೋಮೀಟರ್ ಎತ್ತರದಿಂದ ಪೈಪಿನಲ್ಲಿ ನೀರಿಳಿಸಿದರೆ ಸಿಗೋ ಒತ್ತಡ ಅದು. ಪೆಲ್ಟನ್ ಕಾಲದವರಿಗೆ ಅಂಥ ಬೆಟ್ಟ ಎಲ್ಲಿತ್ತು!

ಚಕ್ರದಲ್ಲಿ ಬಟ್ಟಲು ಓಡುತ್ತೆ, ಇಲ್ಲಿ ಪೈಪಿನ ಕೊಳೆ ನಿಂತಿರುತ್ತೆ. ಆದ್ದರಿಂದ ಶಕ್ತಿಯೆಲ್ಲ ಆ ಪದರವನ್ನು ಬಿರಿಸೋದಕ್ಕೇ ಖರ್ಚಾಗಬೇಕು. ಆದರೆ ಪೆಲ್ಟನ್ ಪ್ರಶ್ನೆ ಮಾತ್ರ ಹಾಗೇ ಇರುತ್ತೆ. ಕಟ್ಟಿಹೋದ ಪೈಪಿಗೆ ನೇರ ನೀರು ಹೊಡೆದರೆ, ಹಿಂದಕ್ಕೆ ಹೋಗೋಕೆ ದಾರಿಯಿಲ್ಲದ ನೀರು ಅಲ್ಲೇ ನಿಂತು ಜೆಟ್ಟಿಗೇ ಮೆತ್ತೆಯಾಗುತ್ತೆ. ಜೆಟ್ ಆ ನೀರಿನಲ್ಲೇ ಸತ್ತು ಹೋಗುತ್ತೆ. ಅದಕ್ಕೇ ಪೈಪ್ ತೊಳೆಯೋ ನಾಜಲ್ಲಿಗೆ ಮುಂದೆ ಒಂದೆರಡು ತೂತಿದ್ದರೆ ಹಿಂದಕ್ಕೆ ಮುಖ ಮಾಡಿದ ತೂತುಗಳೂ ಇರುತ್ತವೆ. ಅವು ಹೋಸನ್ನು ಮುಂದಕ್ಕೆ ಎಳೀತವೆ, ಬಿಡಿಸಿದ ಕೊಳೆಯನ್ನು ಹಿಂದಕ್ಕೆ ತಳ್ಳುತ್ತವೆ. ತಲೆ ಗಿರಗಿರ ತಿರುಗೋ ನಾಜಲ್ಲುಗಳೂ ಉಂಟು, ಪೈಪಿನ ಸುತ್ತಳತೆಯಲ್ಲಿ ಒಂದು ಜಾಗವೂ ಬಿಡದ ಹಾಗೆ. ಬಿಸಿ ಇಟ್ಟಿಗೆಯ ಮೇಲೆ ಮಾತ್ರ ತಣ್ಣೀರು ಬೀಳಬಾರದು, ಇಟ್ಟಿಗೆ ಬಿರುಕು ಬಿಡುತ್ತೆ. ಎಲ್ಲಿ ಹೊಡೀಬೇಕು, ಎಲ್ಲಿ ಹೊಡೀಬಾರದು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು.

ಹೊಡೆಯುವವನ ಮೈಯೂ ಈ ಲೆಕ್ಕದಲ್ಲಿದೆ. ನಿಮಿಷಕ್ಕೆ 60 ಲೀಟರ್ ನೀರು ಆ ವೇಗದಲ್ಲಿ ಹೊರಟರೆ ಕೈಗೆ ಬೀಳೋ ಹಿಂದೇಟು ಸುಮಾರು 45 ಕೆ.ಜಿ. ತೂಕದಷ್ಟು. ಕಾಲು ಜಾರಿದರೆ ಜೆಟ್ ಎತ್ತ ತಿರುಗುತ್ತೋ ಗೊತ್ತಿಲ್ಲ. ಚರ್ಮಕ್ಕೆ ತಾಗಿದರೆ ಹೊರಗೆ ಕಾಣೋದು ಸೂಜಿ ಚುಚ್ಚಿದಂಥ ಗುರುತು. ಒಳಗೆ ಮಾತ್ರ ನೀರು, ಟಾರು, ಕೊಳೆ ಎಲ್ಲ ಆಳಕ್ಕೆ ಇಳಿದಿರುತ್ತೆ. ಬ್ಯಾಂಡೇಜ್ ಸುತ್ತಿಕೊಂಡು ಕೆಲಸಕ್ಕೆ ಹೋಗೋ ಗಾಯ ಅಲ್ಲ ಅದು. ತಕ್ಷಣ ಆಸ್ಪತ್ರೆಗೆ ಹೋಗಬೇಕು, ನೀರಿನ ಜೆಟ್ ತಾಗಿದ್ದು ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಇಂಥ ಕೆಲಸ ಹೆಚ್ಚಾಗಿ ಮಾಡೋದು ಕಾಂಟ್ರ್ಯಾಕ್ಟ್ ಕಾರ್ಮಿಕರು. ನಾಳೆ ಅವರ ಪರ್ಮಿಟ್ಟಿಗೆ ಸಹಿ ಹಾಕೋ ಕುರ್ಚಿಯಲ್ಲಿ ನಮ್ಮಲ್ಲೇ ಯಾರೋ ಕೂತಿರುತ್ತಾರೆ. ಅದಕ್ಕೇ ಇಷ್ಟು ಬರೆದೆವು. ಮತ್ತೆ ಪೆಲ್ಟನ್ ಕಡೆ ಹೋಗೋಣ.

1878ರ ಸುಮಾರಿಗೆ ಅವನ ಚಕ್ರ ನೆವಾಡಾ ಸಿಟಿಯ ಮೇಫ್ಲವರ್ ಗಣಿಯಲ್ಲಿ ಕೆಲಸಕ್ಕೆ ನಿಂತಿತು. 1880ರ ಅಕ್ಟೋಬರ್ 26ರಂದು ಪೇಟೆಂಟ್ ಸಿಕ್ಕಿತು. ನಮ್ಮ ಕಡೆ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿದ್ದೂ ಅದೇ 1880ರಲ್ಲಿ. ಆದರೂ ಗಣಿಯವರು ಸುಲಭಕ್ಕೆ ನಂಬಲಿಲ್ಲ. 1883ರಲ್ಲಿ ಗ್ರಾಸ್ ವ್ಯಾಲಿಯ ಐಡಾಹೊ ಗಣಿಯವರು ಬೇರೆ ಬೇರೆಯವರ ಚಕ್ರಗಳನ್ನು ತರಿಸಿ ಪೈಪೋಟಿ ಇಟ್ಟರು. ಪೆಲ್ಟನ್ ಚಕ್ರದ ದಕ್ಷತೆ ನೂರಕ್ಕೆ 90.2 ಬಂತು. ಅದರ ನಂತರದ್ದು 76.5. ಅಲ್ಲಿಗೆ ವಾದ ಮುಗೀತು.

ಮಾರನೇ ವರ್ಷವೇ ಆ ಸೀಮೆಯಲ್ಲಿ ಇನ್ನೊಂದು ದೊಡ್ಡ ತೀರ್ಮಾನ ಆಯ್ತು. ಮಾನಿಟರ್‌ಗಳು ಮೂವತ್ತು ವರ್ಷ ಕರಗಿಸಿದ ಗುಡ್ಡಗಳು ಎಲ್ಲೋ ಹೋಗಬೇಕಲ್ಲ? ಹೋದದ್ದು ಹೊಳೆಗೆ. ಯೂಬಾ ನದಿಯ ಪಾತ್ರ ಜಲ್ಲಿ ಕೆಸರಿನಿಂದ ಮೇಲೆದ್ದಿತು, ಮೇರೀಸ್‌ವಿಲ್ ಊರಿಗೆ ಪ್ರವಾಹ ನುಗ್ಗಿತು, ಕೆಳಗಿನ ರೈತರ ಹೊಲಗಳ ಮೇಲೆ ಗಣಿಯ ಮಣ್ಣು ಹಾಸಿತು. ರೈತರು ಕೋರ್ಟಿಗೆ ಹೋದರು. 1884ರ ಜನವರಿಯಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಗಣಿಯ ಕೆಸರನ್ನು ಹೊಳೆಗೆ ಬಿಡೋದನ್ನು ತಡೆದ. ಮಾನಿಟರ್‌ಗಳ ಕಾಲ ಹೆಚ್ಚು ಕಡಿಮೆ ಅಲ್ಲಿಗೆ ಮುಗೀತು. ನಾಜಲ್ಲಿನ ಮುಂದೆ ನಿಂತವರು ಬಳಸಿದ ನೀರಿನ ಬಗ್ಗೆ ಕೇಳಿಕೊಳ್ಳದ ಪ್ರಶ್ನೆಯನ್ನು ಕೆಳಗಿನ ಊರಿನವರು ಕೇಳಿದ್ದರು. ಬೆಟ್ಟದ ಮೇಲಿನ ಕಾಲುವೆ, ಪೈಪುಗಳಿಗೆ ಮಾತ್ರ ಹೊಸ ಕೆಲಸ ಸಿಕ್ಕಿತು. ಗುಡ್ಡ ಒಡೆದ ನೀರು ಚಕ್ರ ತಿರುಗಿಸತೊಡಗಿತು.

ಮುಂದಿನದು ಬೇಗ ಹೇಳಬಹುದು. ಪೆಲ್ಟನ್ 1887ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ, 1888ರಲ್ಲಿ ಅವನ ಹೆಸರಿನ ಕಂಪನಿ ಶುರುವಾಯ್ತು, 1895ರಲ್ಲಿ ಫ್ರಾಂಕ್ಲಿನ್ ಇನ್ಸ್ಟಿಟ್ಯೂಟ್ ಎಲಿಯಟ್ ಕ್ರೆಸನ್ ಪದಕ ಕೊಟ್ಟಿತು. ಅದೇ ಹೊತ್ತಿಗೆ ಗ್ರಾಸ್ ವ್ಯಾಲಿಯ ನಾರ್ತ್ ಸ್ಟಾರ್ ಗಣಿಯಲ್ಲಿ 30 ಅಡಿ ವ್ಯಾಸದ ಪೆಲ್ಟನ್ ಚಕ್ರ ನಿಂತಿತು. ಅದು ಗಾಳಿಯನ್ನು ಒತ್ತಿ ಗಣಿಯ ಯಂತ್ರಗಳಿಗೆ ಕಳಿಸ್ತಿತ್ತು.

ಇಷ್ಟರಲ್ಲಿ ಅದೇ ಸೌದೆಯ ಕಷ್ಟ ಕೋಲಾರದ ಗಣಿಗಳಿಗೂ ಬಂದಿತ್ತು. ಇಲ್ಲೂ ಸ್ಟೀಮ್ ಇಂಜಿನ್, ಇಲ್ಲೂ ದುಬಾರಿ ಇಂಧನ. ನಮ್ಮಲ್ಲಿ ಗಣಿಯ ಪಕ್ಕ ಜಲಪಾತ ಇರಲಿಲ್ಲ. ಕಾವೇರಿ ಇದ್ದದ್ದು ದೂರದ ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಜಾಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರ್ ರೂಪಿಸಿದ ಯೋಜನೆಯಲ್ಲಿ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು. ಪೆಲ್ಟನ್ ಕಂಪನಿಗೆ ಇದರಲ್ಲಿ ಪಾಲಿಲ್ಲ. 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕರೆಂಟು ಹರಿದು ಇಲ್ಲಿಗೆ ಬಂತು. ಪೆಲ್ಟನ್ ಚಕ್ರವೇ ಬೇಕು ಅನ್ನುವವರು ಶರಾವತಿಗೆ ಹೋಗಬೇಕು. ಲಿಂಗನಮಕ್ಕಿಯ ನೀರು ನಾನೂರು ಮೀಟರಿಗೂ ಹೆಚ್ಚು ಇಳಿದು, ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ಆ ಜೋಡಿ ಬಟ್ಟಲುಗಳಿಗೆ ಬಡಿಯುತ್ತೆ. ಅಲ್ಲಿನ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್. ಬಡಗಿಯೊಬ್ಬ ಗಣಿಯ ಊರಿನಲ್ಲಿ ಕೆತ್ತಿ ನೋಡಿದ ಏಣು ಅಲ್ಲಿ ಉಕ್ಕಿನಲ್ಲಿದೆ.

ಪೆಲ್ಟನ್ 1908ರ ಮಾರ್ಚ್ 14ರಂದು ಓಕ್‌ಲ್ಯಾಂಡಿನಲ್ಲಿ ತೀರಿಕೊಂಡ. ಆಗ ಚಾಂಪಿಯನ್ ರೀಫ್ಸ್ ಗಣಿ ಕಾವೇರಿಯ ಕರೆಂಟಿನಲ್ಲಿ ಓಡ್ತಿತ್ತು. ಇಲ್ಲಿನ ಗಣಿಗಳು 2001ರಲ್ಲಿ ಮುಚ್ಚಿದವು. ಉಳಿದದ್ದು ಸೈನೈಡ್ ದಿಬ್ಬಗಳು, ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ನೀರಿನ ಜೊತೆ ಹೊರಗೆ ಬಿಟ್ಟ ಪುಡಿ. ಗಾಳಿ ಕಾಲದಲ್ಲಿ ಅದು ಮನೆಗಳ ಮೇಲೆಲ್ಲ ಹಾರುತ್ತೆ. ಅದರಲ್ಲಿ ಇನ್ನೂ ಉಳಿದಿರೋ ಚಿನ್ನವನ್ನು ತೆಗೆಯೋಣ ಅನ್ನೋ ಮಾತು ಆಗಾಗ ಏಳುತ್ತೆ. ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್ ಸುತ್ತ ಇಂಥ ದಿಬ್ಬಗಳನ್ನು ಕರಗಿಸೋದು ಮಾನಿಟರ್‌ನಿಂದಲೇ: ಜೋರಿನ ನೀರು ಹೊಡೆದು ಕೆಸರು ಮಾಡಿ, ಪೈಪಿನಲ್ಲಿ ಕಾರ್ಖಾನೆಗೆ ಸಾಗಿಸ್ತಾರೆ. ಇಲ್ಲೂ ಹಾಗೇ ಮಾಡೋದಾದರೆ ಆ ನೀರನ್ನು ಎಲ್ಲಿಂದ ತರೋದು, ಕೆಲಸ ಮುಗಿದ ಮೇಲೆ ಅದನ್ನು ಎಲ್ಲಿ ನಿಲ್ಲಿಸೋದು? ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋ ಗೆಳೆಯರು ಒಂದು ಸಂಜೆ ಆ ದಿಬ್ಬದ ಕಡೆ ಹೋಗಿ ನೋಡಿ ಬರಬಹುದು.