ಧೂಳು ಎಳೆದ ಎಂಜಿನಿಯರ್

ಉಮ್ಮತ್ತೂರಲ್ಲಿ ನಾವು ಜಮಖಾನೆಯನ್ನು ಬಿಸಿಲಿಗೆ ಹಾಕಿ ಕೋಲಲ್ಲಿ ಬಡೀತೀವಿ. ನೆಲಕ್ಕೆ ಅಂಟಿಸಿದ ಕಾರ್ಪೆಟ್‌ಗೆ ಅದು ಆಗಲ್ಲ. ಹೋದ ವರ್ಷ ಒಂದು ಹಾಲ್‌ನ ಕಾರ್ಪೆಟ್‌ಗೆ ಬಕೆಟ್‌ಗಟ್ಟಲೆ ನೀರು ಹುಯ್ದು, ನಾಲ್ಕು ದಿನ ಮುಗ್ಗಲು ವಾಸನೆ ಸಹಿಸಿದ ಮೇಲೆ ನಮಗೆ ಹ್ಯೂಬರ್ಟ್ ಸೆಸಿಲ್ ಬೂತ್ ನೆನಪಾದರು.

1871ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಹುಟ್ಟಿದ ಬೂತ್ ಸೇತುವೆ, ಜಯಂಟ್ ವೀಲ್‌ಗಳ ಎಂಜಿನಿಯರ್. 1901ರಲ್ಲಿ ಲಂಡನ್ನಿನಲ್ಲಿ ಧೂಳನ್ನು ಊದಿ ಹಾರಿಸೋ ಯಂತ್ರವೊಂದನ್ನು ನೋಡಿದರು. ಹಾರಿದ ಧೂಳು ಮತ್ತೆ ಅಲ್ಲೇ ಬಂದು ಕೂರುತ್ತಿತ್ತು. ಊದೋ ಬದಲು ಎಳೆದುಕೊಂಡರೆ? ಹೋಟೆಲಿನ ಕುರ್ಚಿ ಮೇಲೆ ಕರವಸ್ತ್ರ ಇಟ್ಟು ಬಾಯಿಂದಲೇ ಎಳೆದು ನೋಡಿದರು. ಕೆಮ್ಮು ಬಂತು, ಆದರೆ ಬಟ್ಟೆಗೆ ಧೂಳು ಹತ್ತಿತ್ತು! (ನಮ್ಮ ಲ್ಯಾಬಲ್ಲಿ ಇಂಥದ್ದಕ್ಕೆ ಮಾರ್ಕ್ಸ್ ಸಿಗಲ್ಲ.) ಅದೇ ವರ್ಷ ಪೇಟೆಂಟ್. ಅವರ ಪೆಟ್ರೋಲ್ ಎಂಜಿನ್ ಯಂತ್ರವನ್ನು ಕುದುರೆ ಎಳೆದು ತರಬೇಕಿತ್ತು. ಅದು ಬೀದಿಯಲ್ಲೇ ನಿಲ್ಲೋದು, ಕಿಟಕಿಯಿಂದ ಪೈಪು ಮಾತ್ರ ಒಳಗೆ. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ ಶುಚಿ ಮಾಡಿದ್ದೂ ಬೂತರ ಯಂತ್ರವೇ. 1955ರಲ್ಲಿ ತೀರಿಕೊಂಡರು.

ಈ ಸಲ ಕಡಿಮೆ ನೀರಿನ ಯಂತ್ರ ಹುಡುಕುವಾಗ ನಾವು ಮೊದಲು ಕೇಳಿದ್ದು ಒಳ್ಳೇ ವ್ಯಾಕ್ಯೂಮ್. ಒಣ ಧೂಳು ತೆಗೆಯದೆ ದ್ರಾವಣ ಸಿಂಪಡಿಸಿದರೆ ಕೆಸರಾಗುತ್ತೆ. ಆಮೇಲೆ ಬ್ರಷ್. ಎದುರುಬದುರು ತಿರುಗೋ ಎರಡು ಉರುಳೆ ಬ್ರಷ್ ಇರೋದನ್ನು ಬಾಡಿಗೆಗೆ ತಂದೆವು. ಬೆಳಗ್ಗೆ ಉಜ್ಜಿದ್ದು ಮಧ್ಯಾಹ್ನಕ್ಕೆ ಒಣಗಿತ್ತು.