ಮೂವತ್ತು ದಾಟಿ ವೈದ್ಯರಾದ ಬಿಯಾನ್

1924ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದಾಗ ವಿಲ್ಫ್ರೆಡ್ ಬಿಯಾನ್ ಅವರಿಗೆ ಇಪ್ಪತ್ತೇಳರ ಆಸುಪಾಸು. ಅಷ್ಟರಲ್ಲಿ ಅವರು ಯುದ್ಧ ಮಾಡಿ, ಇತಿಹಾಸದಲ್ಲಿ ಪದವಿ ಪಡೆದು, ತಾವು ಓದಿದ ಶಾಲೆಯಲ್ಲೇ ಉಪಾಧ್ಯಾಯರಾಗಿ ದುಡಿದು, ಆ ಕೆಲಸವನ್ನೂ ಬಿಟ್ಟಾಗಿತ್ತು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಇದು ದುಬಾರಿ ತೀರ್ಮಾನ. ಗಳಿಸಬಹುದಾದ ಆರು ವರ್ಷಗಳನ್ನು ತೆತ್ತು, ತನಗಿಂತ ಕಿರಿಯರ ಸಾಲಿನಲ್ಲಿ ಕುಳಿತು ಅಂಗರಚನಾಶಾಸ್ತ್ರ ಕಲಿಯಬೇಕು. ಆದರೆ ಬಿಯಾನ್‌ಗೆ ಬೇಕಾಗಿದ್ದುದು ಮನೋವಿಶ್ಲೇಷಣೆ. ಅದಕ್ಕೆ ದಾರಿ ವೈದ್ಯಕೀಯದ ಮೂಲಕ ಎಂದು ಅವರು ನಿಶ್ಚಯಿಸಿಕೊಂಡಿದ್ದರು.

ಅವರು ಹುಟ್ಟಿದ್ದು 1897ರಲ್ಲಿ, ನಮ್ಮ ಮಥುರೆಯಲ್ಲಿ. ತಂದೆ ಸರ್ಕಾರಿ ಎಂಜಿನಿಯರ್, ನೀರಾವರಿ ಕಾಮಗಾರಿಗಳಲ್ಲಿ ನಿರತರು. ಭಾರತೀಯ ಆಯಾಳ ಮಡಿಲಲ್ಲಿ ಬೆಳೆದ ಹುಡುಗನನ್ನು ಎಂಟನೆಯ ವಯಸ್ಸಿಗೆ ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಲಾಯಿತು. ಆಳುವ ವರ್ಗದ ಮಕ್ಕಳಿಗೆ ಅಂದು ಇದು ರೂಢಿಯೇ. ರೂಢಿಯಾದ ಮಾತ್ರಕ್ಕೆ ಕ್ರೌರ್ಯ ಕಡಿಮೆಯಾಗುವುದಿಲ್ಲವೆಂಬುದು ಬೇರೆ ಮಾತು.

ಶಾಲೆ ಮುಗಿದದ್ದೇ ತಡ, ಮೊದಲ ಮಹಾಯುದ್ಧ ಅವರನ್ನು ಸೆಳೆದುಕೊಂಡಿತು. ಹೊಸದಾಗಿ ಹುಟ್ಟಿದ್ದ ಟ್ಯಾಂಕ್ ದಳಕ್ಕೆ ಸೇರಿದರು. 1917ರ ನವೆಂಬರಿನಲ್ಲಿ ಕಾಂಬ್ರೇ ಕದನದಲ್ಲಿ ತೋರಿದ ಸಾಹಸಕ್ಕೆ ಡಿ.ಎಸ್.ಒ. ಪದಕ ಸಿಕ್ಕಿತು, ಆಗ ಅವರಿಗೆ ಇಪ್ಪತ್ತು ವರ್ಷ. ಮರುವರ್ಷದ ಆಗಸ್ಟ್ 8ರಂದು ಅಮಿಯೆನ್ಸ್ ಬಳಿ ಕುಳಿಯೊಂದರಲ್ಲಿ ತಮ್ಮೊಡನೆ ಅವಿತಿದ್ದ ಎಳೆಯ ಸೈನಿಕನ ಎದೆ ಸಿಡಿಗುಂಡಿಗೆ ಛಿದ್ರವಾಯಿತು. ತಾಯಿಗೆ ಪತ್ರ ಬರೆಯುವಂತೆ ಆತ ಮತ್ತೆ ಮತ್ತೆ ಬೇಡುತ್ತಿದ್ದುದನ್ನು ಬಿಯಾನ್ ಕಡೆಯವರೆಗೂ ಮರೆಯಲಿಲ್ಲ. ತಾನೂ ಅಂದೇ ಅಲ್ಲಿ ಸತ್ತಂತೆ ಎಂದು ಅವರು ಮುಪ್ಪಿನಲ್ಲಿಯೂ ಭಾವಿಸಿದ್ದರು. ಅವರು ವೈದ್ಯಶಾಲೆಗೆ ಹೊತ್ತು ತಂದದ್ದು ಈ ಹೊರೆಯನ್ನು.

ಅಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಚಿನ್ನದ ಪದಕ ಪಡೆದರು. ಪ್ರಸಿದ್ಧ ಶಸ್ತ್ರವೈದ್ಯ ವಿಲ್ಫ್ರೆಡ್ ಟ್ರಾಟರ್ ಗುರುಗಳು. ಟ್ರಾಟರ್ ಮನುಷ್ಯನ ಹಿಂಡುಪ್ರವೃತ್ತಿಯ ಬಗ್ಗೆ ಗ್ರಂಥ ಬರೆದವರು. ರೋಗಿಯ ಮಾತನ್ನು ಅವರು ತಾಳ್ಮೆಯಿಂದ ಆಲಿಸುತ್ತಿದ್ದ ಬಗೆ ಶಿಷ್ಯನ ಮನಸ್ಸಿನಲ್ಲಿ ಉಳಿಯಿತು. 1930ರಲ್ಲಿ ವೈದ್ಯಪದವಿ ಕೈಸೇರಿದಾಗ ಬಿಯಾನ್‌ಗೆ ಮೂವತ್ತೆರಡು ದಾಟಿತ್ತು. ಶಸ್ತ್ರವೈದ್ಯರಾಗಿದ್ದರೆ ಬದುಕು ಸುಗಮವಾಗುತ್ತಿತ್ತು. ಅವರು ಟ್ಯಾವಿಸ್ಟಾಕ್ ಚಿಕಿತ್ಸಾಲಯದ ಮೆಟ್ಟಿಲು ಹತ್ತಿ ಮನೋಚಿಕಿತ್ಸೆಯ ತರಬೇತಿಗೆ ನಿಂತರು. 1934-35ರಲ್ಲಿ ಅವರ ಬಳಿ ಬಂದ ರೋಗಿಗಳಲ್ಲೊಬ್ಬರು ಸ್ಯಾಮ್ಯುಯೆಲ್ ಬೆಕೆಟ್. ಮುಂದೆ ನೊಬೆಲ್ ಪಡೆದ ಸಾಹಿತಿ ಆಗಿನ್ನೂ ಅಜ್ಞಾತ, ಚಿಕಿತ್ಸಕರೂ ಕಲಿಯುತ್ತಿದ್ದವರೇ.

ಎರಡನೇ ಮಹಾಯುದ್ಧದಲ್ಲಿ ಬಿಯಾನ್ ಸೇನಾ ಮನೋವೈದ್ಯರಾದರು. ಅಧಿಕಾರಿಗಳ ಆಯ್ಕೆಗೆ ನಾಯಕನಿಲ್ಲದ ಗುಂಪಿನ ಪರೀಕ್ಷೆಯನ್ನು ರೂಪಿಸಿದವರು ಅವರೇ. ಅಭ್ಯರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ, ಯಾರನ್ನೂ ಮುಖಂಡನನ್ನಾಗಿ ನೇಮಿಸದೆ, ತನ್ನ ಗೆಲುವಿನ ಆಸೆಯ ನಡುವೆಯೂ ಯಾರು ಇತರರನ್ನು ಗಮನಿಸುತ್ತಾರೆಂದು ನೋಡುವುದು ಅದರ ತಿರುಳು. ಬೆಂಗಳೂರಿನ ಸೇನಾ ಆಯ್ಕೆ ಕೇಂದ್ರದಲ್ಲಿ ಇಂದಿಗೂ ನಮ್ಮ ಯುವಕರು ಎದುರಿಸುವ ಗುಂಪು ಪರೀಕ್ಷೆಗಳ ಬೇರು ಇಲ್ಲಿದೆ. 1945ರ ಹೊತ್ತಿಗೆ ಬ್ರಿಟನ್ನಿನ ನಾಗರಿಕ ಸೇವೆಯೂ ಈ ಮಾದರಿಯನ್ನು ಅಳವಡಿಸಿಕೊಂಡಿತು. ನಮ್ಮ ನಾಗರಿಕ ಸೇವೆ ಮಾತ್ರ ಮಂಡಳಿಯೆದುರಿನ ಸಂದರ್ಶನವನ್ನೇ ನೆಚ್ಚಿಕೊಂಡಿತು. ಸಮಿತಿಗಳಲ್ಲೇ ಆಯುಷ್ಯ ಸವೆಸುವ ಅಧಿಕಾರಿಗಳನ್ನು ಗುಂಪಿನಲ್ಲಿ ಪರೀಕ್ಷಿಸಿ ನೋಡದಿರುವುದು ನನಗೆ ಎಂದಿಗೂ ಅರ್ಥವಾಗಿಲ್ಲ.

ಬರ್ಮಿಂಗ್‌ಹ್ಯಾಮ್ ಸಮೀಪದ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಅವರು ಜಾನ್ ರಿಕ್‌ಮನ್ ಜೊತೆಗೂಡಿ ಇನ್ನೊಂದು ಪ್ರಯೋಗ ನಡೆಸಿದರು. ಯುದ್ಧದಿಂದ ಮನಸ್ಸು ಕೆಟ್ಟ ಸೈನಿಕರೇ ಗುಂಪುಗಳನ್ನು ಕಟ್ಟಿಕೊಂಡು, ದಿನವೂ ಸಭೆ ಸೇರಿ, ವಾರ್ಡಿನ ಅಶಿಸ್ತನ್ನು ತಾವೇ ಪರಾಮರ್ಶಿಸಬೇಕು. ಆರೇ ವಾರಗಳಲ್ಲಿ ಮೇಲಿನವರು ಅದನ್ನು ನಿಲ್ಲಿಸಿದರು. ಕಡತ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ 1943ರಲ್ಲಿ ಅದರ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

1945ರಲ್ಲಿ ಹೆರಿಗೆಯ ಬೆನ್ನಲ್ಲೇ ಪತ್ನಿ ಬೆಟ್ಟಿ ತೀರಿಕೊಂಡರು. ಬಿಯಾನ್ ಆಗ ಯುರೋಪಿನ ರಣರಂಗದಲ್ಲಿದ್ದರು. ಹಸುಗೂಸನ್ನು ಸಾಕುತ್ತ, ಐವತ್ತರ ಹೊಸ್ತಿಲಲ್ಲಿ ಮೆಲನಿ ಕ್ಲೈನ್ ಅವರ ಬಳಿ ಮತ್ತೆ ತರಬೇತಿಗೆ ಕುಳಿತರು. ಸಮೂಹಗಳನ್ನು ಕುರಿತ ಪುಸ್ತಕ 1961ರಲ್ಲಿ ಹೊರಬಂದಾಗ ಅವರಿಗೆ ಅರವತ್ತು ದಾಟಿತ್ತು. ಗುಂಪು ಸೇರಿದಾಗ ಜನರು ಅರಿವಿಲ್ಲದೆಯೇ ರಕ್ಷಕನನ್ನು ಕಾಯುತ್ತಾರೆ, ಶತ್ರುವನ್ನು ಹುಡುಕುತ್ತಾರೆ, ಇಲ್ಲವೇ ಯಾವುದೋ ಜೋಡಿಯಿಂದ ಉದ್ಧಾರವಾದೀತೆಂದು ನಿರೀಕ್ಷಿಸುತ್ತಾರೆ ಎಂಬುದು ಅಲ್ಲಿನ ವಾದ. ಸಹಿಸಲಾಗದ ಭಯವನ್ನು ಮಗು ತಾಯಿಗೆ ದಾಟಿಸುತ್ತದೆ, ತಾಯಿ ಅದನ್ನು ತಾಳಿಕೊಂಡು ಹದಗೊಳಿಸಿ ಹಿಂದಿರುಗಿಸುತ್ತಾಳೆ ಎಂಬ ಅವರ ವಿಚಾರವಂತೂ ಇಂದು ಮನೋಚಿಕಿತ್ಸೆಯ ಪಾಠಗಳಲ್ಲಿ ಬೆರೆತುಹೋಗಿದೆ. ಕುಳಿಯಲ್ಲಿ ತಾಯಿಗಾಗಿ ಹಂಬಲಿಸಿದ ಆ ಸೈನಿಕನನ್ನು ಇಲ್ಲಿ ನೆನೆಯದಿರುವುದು ಕಷ್ಟ.

1968ರಲ್ಲಿ ಲಂಡನ್ನಿನ ಪ್ರತಿಷ್ಠೆ ತೊರೆದು ಲಾಸ್ ಏಂಜಲೀಸ್‌ಗೆ ಹೊರಟರು. 1979ರಲ್ಲಿ ಇಂಗ್ಲೆಂಡಿಗೆ ಮರಳಿ, ಅದೇ ನವೆಂಬರಿನಲ್ಲಿ ಆಕ್ಸ್‌ಫರ್ಡಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ನಿಧನರಾದರು. 1980ರ ಜನವರಿಯಲ್ಲಿ ಅವರು ಮುಂಬೈಗೆ ಬರುವುದೆಂದು ಏರ್ಪಾಡಾಗಿತ್ತು. ಎಂಟು ವರ್ಷದವರಾಗಿದ್ದಾಗ ಬಿಟ್ಟುಹೋದ ದೇಶಕ್ಕೆ ಅವರು ಅಲ್ಲಿಯವರೆಗೆ ಒಮ್ಮೆಯೂ ಮರಳಿರಲಿಲ್ಲ.